ಬಿಳಿ ಸಾಲಿನಲ್ಲಿ ಒಂದು ಕೆಂಪು ಗಿಡ

ಅವರು ಯಾವುದನ್ನೂ ಬರೀ ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಉಜ್ಜಿ, ಎಳೆದು ನೋಡಬೇಕು. ಆಮೇಲೂ ಅರ್ಧವೇ ನಂಬುತ್ತಿದ್ದರು. ಹಾಲಿನವಳು ಬಂದರೆ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟುಕೊಂಡು, ಅದು ನಿಲ್ಲುತ್ತದೋ ಜಾರುತ್ತದೋ ಎಂದು ಬೆಳಕಿಗೆ ಹಿಡಿದು ನೋಡುವರು. ಬದನೆಕಾಯಿ ಕೊಳ್ಳುವಾಗ ಅದರ ತೊಟ್ಟಿನ ಮುಳ್ಳನ್ನು ಮುಟ್ಟಿ ನೋಡುವರು. ಯಾರಾದರೂ ನಗುತ್ತಾ ನಮಸ್ಕಾರ ಮಾಡಿದರೆ ಮರುನಮಸ್ಕಾರ ಮಾಡುವ ಮೊದಲು ಆ ಮನುಷ್ಯನ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಕತ್ತು ವಾರೆ ಮಾಡುವರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದು ಇದನ್ನು ಓದಿದ್ದರೆ, ಹೆಸರು ಬರೆದಿದ್ದಕ್ಕೆ "ಯಾಕ ಬರದ್ರಿ, ಇದರಾಗ ಏನದ?" ಎಂದು ಕೇಳುತ್ತಿದ್ದರು. ಬಿಟ್ಟಿದ್ದಕ್ಕೂ "ಯಾಕ ಬಿಟ್ರಿ?" ಎಂದು ಕೇಳುತ್ತಿದ್ದರು. ಎರಡರಲ್ಲಿ ಬಿಡುವುದೇ ವಾಸಿ ಅನಿಸಿತು.

ರಾಯಚೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಪಾಸು ಮಾಡುವುದು ಅವರ ಕೆಲಸ. ಬಂಡಿಯಲ್ಲಿ ಬಂದ ಹತ್ತಿ ಚೀಲದೊಳಗೆ, ಅಲ್ಲಿಯವರ ಮಾತಿನಲ್ಲಿ ಅಂಡಿಗೆಯೊಳಗೆ, ಮೇಲಿನದನ್ನು ಬಿಟ್ಟು, ಮೊಳಕೈವರೆಗೆ ಕೈ ತೂರಿಸಿ ಒಂದು ಹಿಡಿ ಹತ್ತಿ ಎಳೆದುಕೊಳ್ಳಬೇಕು. ಅದರ ಎಳೆಯನ್ನು ಎರಡೂ ಹೆಬ್ಬೆರಳುಗಳ ನಡುವೆ ಜಗ್ಗಿ ಉದ್ದ ನೋಡಬೇಕು, ಹಸಿಯೋ ಒಣಗಿದ್ದೋ ಕೆನ್ನೆಗೆ ಒತ್ತಿ ನೋಡಬೇಕು, ಕಲೆ ಇದೆಯೇ, ಬೇರೆ ಜಾತಿ ಬೆರೆತಿದೆಯೇ ಎಂದು ಬಿಡಿಸಿ ನೋಡಬೇಕು. ಹಗಲೆಲ್ಲ ಜನರನ್ನು ಅನುಮಾನಿಸುವುದಕ್ಕೇ ಸಂಬಳ ಪಡೆದ ಮನುಷ್ಯ ಸಂಜೆ ಮನೆಗೆ ಬಂದು ಅದನ್ನು ಕಳಚಿಡುವುದಾದರೂ ಹೇಗೆ? ಅವರ ಪ್ರಕಾರ ದೇವದುರ್ಗದ ಕಡೆಯವರು ಹತ್ತಿಗೆ ನೀರು ಚಿಮುಕಿಸುತ್ತಾರೆ, ಮಾನ್ವಿ ಕಡೆಯವರು ಜಾತಿ ಬೆರೆಸುತ್ತಾರೆ.

"ನಿಮ್ಮೂರು ಮಟಮಾರಿಯವರು ಹೆಂಗ್ರಿ ಮಾಲಕರ?" ಎಂದು ನಮ್ಮ ಮನೆಯವರು ಒಮ್ಮೆ ಕೇಳಿದರು.

"ಅವ್ರ ಅಂಡಿಗಿ ನಾ ಮುಟ್ಟಂಗಿಲ್ರಿ ಸಾಹೇಬ್ರ. ದೂರದಿಂದನೇ ಹೊಳ್ಳಿ ಕಳಿಸಿಬಿಡ್ತೀನಿ. ಅವ್ರು ನನಗ ಗೊತ್ತದಾರಲ್ಲ."

ಮಾಲಕರು ಎಂದರೆ ನಮ್ಮ ಮನೆಯ ಮಾಲಕರು. ನನ್ನ ಪತಿ ಕಾಲುವೆ ಇಲಾಖೆಯಲ್ಲಿದ್ದರು. ಮದುವೆಯಾದ ಹೊಸದರಲ್ಲಿ ದೇವದುರ್ಗ, ಅಲ್ಲಿಂದ ಮಾನ್ವಿ, ಎಪ್ಪತ್ತರ ದಶಕದ ನಡುವಿನಲ್ಲಿ ರಾಯಚೂರು. ಮಾಲಕರದು ಬೆನ್ನಿಗೆ ಬೆನ್ನಲ್ಲ, ಪಕ್ಕಕ್ಕೆ ಪಕ್ಕ ಅಂಟಿಕೊಂಡ ಜೋಡಿ ಮನೆ. ಒಂದರಲ್ಲಿ ಅವರು, ಒಂದರಲ್ಲಿ ಬಾಡಿಗೆಗೆ ನಾವು. ಮುಂದಿನ ಅಂಗಳಕ್ಕೆ ನಡುವೆ ಎದೆಯುದ್ದದ ಒಂದು ಗೋಡೆ. ನಾವು ಸಾಮಾನು ಇಳಿಸಿದ ದಿನವೇ ಅವರು ಬಂದು, ಬಂಡಿಯ ಮೇಲಿದ್ದ ನಮ್ಮ ಗಾದಿಯ ಹರಿದ ಹೊಲಿಗೆಯೊಳಗಿಂದ ಒಂದು ಚಿಟಿಕೆ ಹತ್ತಿ ಎಳೆದು ಜಗ್ಗಿ ನೋಡಿದರು.

"ಮ್ಯಾಲ ಹೊಸದದ," ಎಂದರು. "ನಡಬರಕ ಹಳೇದು ತುಂಬ್ಯಾರ. ಎಲ್ಲಿ ಮಾಡಿಸಿದ್ರಿ?"

ಅದು ನನ್ನ ತವರಿನಿಂದ ಬಂದ ಗಾದಿ. ಅಪ್ಪ ನಿಂತು ತುಂಬಿಸಿದ್ದು. ನನಗೆ ಎಷ್ಟು ಅವಮಾನವಾಯಿತೆಂದರೆ ಆ ರಾತ್ರಿ ಊಟ ಸೇರಲಿಲ್ಲ. ಆದರೆ ಅಂದಿನಿಂದ ಮಲಗಿದಾಗಲೆಲ್ಲ ಬೆನ್ನಿನ ಕೆಳಗೆ ನಡುವಿನಲ್ಲಿ ಸ್ವಲ್ಪ ಗಡಸು ಅನಿಸುತ್ತಿದ್ದುದೂ ನಿಜ. ಆ ಗಾದಿಯನ್ನು ಬಿಚ್ಚಿ ನೋಡುವ ಧೈರ್ಯ ನಮ್ಮಿಬ್ಬರಿಗೂ ಕೊನೆಯವರೆಗೂ ಬರಲಿಲ್ಲ. ಅವರ ಗುಮಾನಿ ಹೀಗೆಯೇ, ಒಮ್ಮೆ ಮನೆ ಹೊಕ್ಕರೆ ಹೊರಗೆ ಹೋಗುತ್ತಿರಲಿಲ್ಲ.

ಇಂಥ ಮನುಷ್ಯನಿಗೆ ಹೂವಿನ ಹುಚ್ಚು ಇತ್ತು ಎಂದರೆ ಯಾರು ನಂಬುತ್ತಾರೆ? ಅದೂ ಒಂದೇ ಹೂವಿನ ಹುಚ್ಚು: ಸಾಲ್ವಿಯಾ. ಅದರಲ್ಲೂ ಬಿಳಿಯದು.

ಸಾಲ್ವಿಯಾ ನನಗೆ ಹೊಸದಾಗಿರಲಿಲ್ಲ. ನಾನು ಓದಿದ ಕಾನ್ವೆಂಟಿನ ಅಂಗಳದಲ್ಲಿ ಪ್ರಾರ್ಥನಾ ಮಂದಿರದ ಮೆಟ್ಟಿಲಿನಿಂದ ಗೇಟಿನವರೆಗೂ ಕೆಂಪು ಸಾಲ್ವಿಯಾದ ಎರಡು ಸಾಲು ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ನಮಗೆ ಹೊಲಿಗೆ ಕಲಿಸುತ್ತಿದ್ದರು. ತುಳಸಿಯ ಹಾಗೆಯೇ ಇದಕ್ಕೂ ಚೌಕ ಕಾಂಡ, ಕಾಮಕಸ್ತೂರಿಯ ಹಾಗೆ ನೆನೆದರೆ ಲೋಳೆಯಾಗುವ ಬೀಜ ಎಂದು ತೋರಿಸಿಕೊಟ್ಟವರು ಅವರೇ. "ಬಿತ್ತಿದ ಮೇಲೆ ಮಣ್ಣು ಹೊದಿಸಬೇಡ, ಮಗೂ. ಇದು ಬೆಳಕು ಕಂಡರೇ ಏಳುವ ಬೀಜ. ಮಣ್ಣಿನಡಿ ಮಲಗಿಸಿದರೆ ಮಲಗಿಯೇ ಬಿಡುತ್ತದೆ," ಎನ್ನುತ್ತಿದ್ದರು. ನಾನು ಮದುವೆಯಾಗಿ ಹೊರಟಾಗ ಪೌಡರ್ ಡಬ್ಬಿಯೊಂದರಲ್ಲಿ ಬೀಜ ತುಂಬಿ ಕೊಟ್ಟರು. ಪೇಟೆಯ ಬೀಜದ ಗಿಡ ಗೇಣುದ್ದ ಬೆಳೆದು ನಿಲ್ಲುತ್ತದೆ. ಸಿಸ್ಟರ್ ಕೊಟ್ಟದ್ದು ಹಳೆಯ ಜಾತಿ, ಸೊಂಟದವರೆಗೆ ಏಳುತ್ತಿತ್ತು. ತೆನೆ ಮೂಡುವ ಹೊತ್ತಿಗೆ ಗಿಣ್ಣುಗಳಲ್ಲಿ ಕಪ್ಪು ಛಾಯೆ. ಹೂವಿನ ನಾಲಿಗೆ ಉದುರಿದ ಮೇಲೂ ಅದರ ಬಟ್ಟಲು ಕೆಂಪಾಗಿಯೇ ಇರುತ್ತಿತ್ತು.

ದೇವದುರ್ಗದಲ್ಲಿ ಅದನ್ನು ಆಡು ತಿಂದವು. ಉಳಿದ ಎರಡು ಗಿಡಗಳಿಂದ ಬೀಜ ಉಳಿಸಿಕೊಂಡೆ. ಮಾನ್ವಿಯಲ್ಲಿ ಕಾಲುವೆಯ ನೀರಿಗೆ ಸೊಕ್ಕಿ ಬೆಳೆದವು. ಓಣಿಯ ಮಕ್ಕಳು ಹೂ ಕಿತ್ತು ಬುಡದ ಸಿಹಿ ಹೀರಿ ಹೋಗುತ್ತಿದ್ದರು. ಅಲ್ಲಿದ್ದಾಗಲೇ ಸಿಸ್ಟರ್ ತೀರಿಕೊಂಡ ಸುದ್ದಿ ಬಂತು. ಅವರ ನಂತರ ಆ ಸಾಲುಗಳನ್ನು ತೆಗೆದು ಸಿಮೆಂಟು ಹಾಕಿದರಂತೆ. ಅಲ್ಲಿಗೆ ಆ ಜಾತಿ ಉಳಿದಿದ್ದು ನನ್ನ ಡಬ್ಬಿಯಲ್ಲಿ ಮಾತ್ರ ಎಂದಾಯಿತು. ನಾನು ಯಾರಿಗೂ ಹೀಗೆಂದು ಹೇಳಿಕೊಂಡಿರಲಿಲ್ಲ. ಹೂವಿನ ಗಿಡದ ಬಗ್ಗೆ ಹೀಗೆಲ್ಲ ಹೇಳಿದರೆ ಜನ ನಗುತ್ತಾರೆ.

ರಾಯಚೂರಿಗೆ ಬಂದ ಮೊದಲ ವರ್ಷ, ಗಣೇಶನನ್ನು ಕಳಿಸಿಕೊಟ್ಟ ಮೇಲೆ ತಟ್ಟೆಯಲ್ಲಿ ಬಿತ್ತಿ, ದಸರೆಯ ಹೊತ್ತಿಗೆ ಸಸಿಗಳನ್ನು ನಡುಗೋಡೆಯ ಈಚೆಗೆ ನೆಟ್ಟೆ. ಗೋಡೆಯ ಆಚೆಗೆ ಅವರ ಬಿಳಿ ಸಾಲು. ಅದು ಹೈದರಾಬಾದಿನ ಯಾವುದೋ ತೋಟದಿಂದ ತಂದದ್ದಂತೆ, ನನ್ನದರಷ್ಟೇ ಎತ್ತರದ ಜಾತಿ. ಬಿಳಿ ಎಂದರೆ ಹಳದಿಯ ಸುಳಿವೇ ಇಲ್ಲದ ಬಿಳಿ, ಅವರ ಭಾಷೆಯಲ್ಲಿ ಮೊದಲ ನಂಬರಿನ ಬಿಳಿ. ಹೂವಿನ ತೆನೆ ಮೂಡುತ್ತಿದ್ದಂತೆ ಪ್ರತಿ ತೆನೆಗೂ ತೆಳು ಅರಿವೆಯ ಸಣ್ಣ ಚೀಲ ತೊಡಿಸಿ ದಾರ ಕಟ್ಟುತ್ತಿದ್ದರು. ಅವರ ಹಳೆಯ ಧೋತರ ಹರಿದು ಆ ಚೀಲಗಳನ್ನು ಹೊಲಿದುಕೊಡುತ್ತಿದ್ದವರು ಅವರ ಹೆಂಡತಿ. ದೂರದಿಂದ ನೋಡಿದರೆ ಅಂಗಳದ ತುಂಬ ಸಣ್ಣ ಸಣ್ಣ ಮಕ್ಕಳು ಟೊಪ್ಪಿಗೆ ಹಾಕಿಕೊಂಡು ಕೂತ ಹಾಗೆ ಕಾಣುತ್ತಿತ್ತು.

"ಹೂವು ಮುಚ್ಚಿಟ್ಟರೆ ನೋಡೋದು ಯಾವಾಗ ಮಾಲಕರೇ?" ಎಂದು ನಾನು ಕೇಳಿದ್ದೆ.

"ನೋಡಾಕ ಅಲ್ರಿ ಬಾಯಾರ, ಇದು ಬೀಜಕ್ಕ. ಬಾಜೂಕ ನಿಮ್ಮ ಕೆಂಪದ. ಹುಳಾ ಅದನ್ನ ಮುಟ್ಟಿ ಇದನ್ನ ಮುಟ್ಟಿತಂದ್ರ ಜಾತಿ ಕೆಡ್ತದ." ಸ್ವಲ್ಪ ತಡೆದು, "ಹುಳಾ ಒಂದೇ ಅಲ್ಲ," ಎಂದು ನನ್ನ ಕೈಗಳತ್ತ ನೋಡಿದರು.

ಅವರ ಹೆಂಡತಿ ದೇವದುರ್ಗದ ಕಡೆಯವರು. ಕಡಿಮೆ ಮಾತು. ನಾನು ಅಕ್ಕಾ ಎನ್ನುತ್ತಿದ್ದೆ, ಅವರು ತಂಗೀ ಎನ್ನುತ್ತಿದ್ದರು. ಗಂಡ ಹೊರಗೆ ಜಗತ್ತನ್ನು ವಿಚಾರಣೆ ಮಾಡುತ್ತಿದ್ದರೆ ಒಳಗಿನಿಂದ ಅವರ ರೊಟ್ಟಿ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು. ಹಣೆಯ ಮೇಲೆ ವಿಭೂತಿ, ಅದರ ಕೆಳಗೆ ಕಾಸಿನಗಲ ಕುಂಕುಮ. ಹಬ್ಬಕ್ಕೆ ಹೊಸ ಧೋತರ ತಂದರೆ, ಉಡುವ ಮೊದಲು ಅದರ ಮೂಲೆಗೆ ಕುಂಕುಮದ ಬೊಟ್ಟು ಇಟ್ಟೇ ಕೊಡುತ್ತಿದ್ದರು. ಮಾಲಕರು ಅದನ್ನು ಉಟ್ಟು ಹೊರಗೆ ಬಂದು, ಆ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಗೋಡೆಯಾಚೆಯಿಂದ ಗೊಣಗುತ್ತಿದ್ದರು. "ನೋಡ್ರಿ, ನಮ್ಮಾಕಿ ಕಲಿ ಮಾಡಿಬಿಟ್ಲು. ಮೊದಲ ನಂಬರಿನ ಮಾಲು, ಹೋತು ಎರಡನೇಕ."

"ಬರೀ ಬಿಳೇದು ಉಡಬಾರದ್ರಿ," ಎಂದು ಒಳಗಿನಿಂದ ಒಂದು ಮೆಲುದನಿ. ಅಷ್ಟೇ.

ಆ ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ವರ್ಷ ಸಂಕ್ರಾಂತಿಗೆ ಒಂದೆರಡು ದಿನ ಮುಂಚೆ ಬೆಳಿಗ್ಗೆ ನಾನು ರಂಗೋಲಿ ಹಾಕುತ್ತಿದ್ದೆ. ನಡುಗೋಡೆಯ ಮೇಲೆ ಬೇರುಸಹಿತ ಕಿತ್ತ ಒಂದು ಸಾಲ್ವಿಯಾ ಗಿಡ ಮಲಗಿತ್ತು. ಬೇರಿಗೆ ಎರೆಮಣ್ಣು ಮೆತ್ತಿಕೊಂಡಿತ್ತು. ತೆನೆ ಆಗತಾನೇ ಕೆಂಪಾಗುತ್ತಿತ್ತು. ಅದರ ಹಿಂದೆ ಅವರು ನಿಂತಿದ್ದರು.

"ಇದು ನಿಮ್ದು," ಎಂದರು.

"ಅಲ್ಲ ಮಾಲಕರೇ, ನನ್ನ ಗಿಡಗಳೆಲ್ಲ ಇಲ್ಲೇ ಇವೆ."

"ನನ್ನ ಸಾಲಿನಾಗ ಇತ್ತು. ನಡಬರಕ. ಹೂ ಬಿಡೂತನ ಕೆಂಪೂ ಬಿಳೇದೂ ಒಂದೇ ಹಸರು, ಗೊತ್ತಾಗಂಗಿಲ್ಲ. ನಾ ಬೀಜಕ್ಕ ಅರಿವಿ ಕಟ್ಟೀನಿ. ಹುಳಾ ಒಳಗ ಹೋಗಂಗಿಲ್ಲ. ಹಂಗಾದ್ರ ಇದು ಹುಳದ ಕೆಲಸ ಅಲ್ಲ, ಕೈ ಕೆಲಸ." ಗಿಣ್ಣನ್ನು ಬೆರಳಲ್ಲಿ ಹಿಡಿದು ತಿರುಗಿಸಿದರು. "ಗಿಣ್ಣಿಗೆ ಕಪ್ಪದ. ಈ ಜಾತಿ ರಾಯಚೂರಾಗ ನಿಮ್ಮ ಮನಿ ಬಿಟ್ರ ಎಲ್ಲೂ ಇಲ್ಲ."

ಗಿಣ್ಣಿನ ಕಪ್ಪು ನನಗೂ ಕಾಣುತ್ತಿತ್ತು. ಅದು ನನ್ನದೇ ಜಾತಿ. ಅವರು ಒಳಗೆ ಹೋದ ಮೇಲೆ ಆ ಗಿಡವನ್ನು ಕುಂಡದಲ್ಲಿ ನೆಟ್ಟೆ. ಸಂಜೆಯೊಳಗೆ ತಲೆ ಬಾಗಿಸಿತು.

ಮರುವರ್ಷವೂ ಹಾಗೆಯೇ. ಬಿಳಿ ಸಾಲಿನ ನಡುವೆ ಒಂದೇ ಒಂದು ಕೆಂಪು ಗಿಡ. ಅದನ್ನು ಕಿತ್ತು ಗೋಡೆಯ ಮೇಲೆ ನನ್ನ ಕಡೆಗೆ ತಲೆ ಮಾಡಿ ಮಲಗಿಸಿದರು. ಓಣಿಗೆ ಸುದ್ದಿ ಹೋಯಿತು. ನೀರಿನ ನಳದ ಹತ್ತಿರ ಹೆಂಗಸರು ನಗುತ್ತಾ, "ಬಾಯಾರ, ರಾತ್ರಿ ಗ್ವಾಡಿ ಜಿಗೀತೀರಂತಲ್ಲ," ಎನ್ನುವರು. ನಾನು ನಗುತ್ತಿದ್ದೆ. ಆದರೆ ಮನಸ್ಸಿನೊಳಗೆ ನನ್ನದೂ ಒಂದು ವಿಚಾರಣೆ ನಡೆದಿತ್ತು. ಹುಳು ಅಲ್ಲ, ನಾನೂ ಅಲ್ಲ ಎಂದರೆ ಮತ್ತೆ ಯಾರು? ಅವರೇ. ನನ್ನ ಗಿಡ ಬೇಡ ಎಂದು ನೇರವಾಗಿ ಹೇಳಲು ಬಾರದೆ, ತಾವೇ ಒಂದು ಕೆಂಪು ಸಸಿ ನೆಟ್ಟುಕೊಂಡು ತಾವೇ ಕೀಳುತ್ತಿದ್ದಾರೆ. ಈ ಯೋಚನೆ ಬಂದ ಮೇಲೆ ಅವರು ಅಂಗಳದಲ್ಲಿ ಬಗ್ಗಿದಾಗಲೆಲ್ಲ ನಾನು ಅಡುಗೆಮನೆಯ ಕಿಟಕಿಯ ಪರದೆ ಸರಿಸಿ ಅವರ ಕೈ ನೋಡುತ್ತಿದ್ದೆ. ಅವರೂ ತಲೆಯೆತ್ತಿ ಪರದೆ ನೋಡುತ್ತಿದ್ದರು. ಹತ್ತಿ ಪಾಸು ಮಾಡುವ ವಿದ್ಯೆ ಗೋಡೆಯ ಈಚೆಗೂ ದಾಟಿತ್ತು.

ಮೂರನೆಯ ಸಲ ಹಾಗಾದಾಗ ಅವರು ನನ್ನ ಹತ್ತಿರ ಬರಲಿಲ್ಲ. ಸಂಜೆ ನಮ್ಮ ಮನೆಯವರು ಆಫೀಸಿನಿಂದ ಸೈಕಲ್ ಇಳಿಯುವುದನ್ನೇ ಕಾದು ಗೇಟಿನಲ್ಲಿ ನಿಂತರು.

"ಸಾಹೇಬ್ರ, ನಾ ಜಗಳ ಮಾಡಂವಲ್ಲ. ನೀವು ಛಲೋ ಮಂದಿ. ಆದ್ರ ನನಗ ಬೆರಿಕಿ ಆಗಿಬರಂಗಿಲ್ಲ. ಬಾಯಾರಿಗೆ ಹೇಳ್ರಿ. ಬರೂ ವರ್ಷ ಕೆಂಪು ಬ್ಯಾಡ. ಬೇಕಾದ್ರ ಮನಿ ಬ್ಯಾರೆ ನೋಡ್ಕೋರಿ."

ನಮ್ಮ ಮನೆಯವರು ಒಳಗೆ ಬಂದು ಬೂಟಿನ ಲೇಸು ಬಿಚ್ಚುತ್ತಾ ಕೂತರು. "ಗಿಡದ ಸಲುವಾಗಿ ಮನಿ ಬಿಡೂದೇನ?" ಎಂದರು. ಕೋಪದಿಂದಲ್ಲ. "ನೀರು ಬರೂ ಮನಿ ಇದೊಂದೇ ಸಿಕ್ಕದ. ಒಂದು ವರ್ಷ ಬಿಡು. ಹೂವೇ ಅಲ್ಲೇನು?"

ಹೂವೇ. ನಾನು ಹೂಂ ಎಂದೆ.

ಆ ವರ್ಷ ಗಣೇಶ ಹೋದ, ದಸರೆ ಬಂತು, ನಾನು ಬಿತ್ತಲಿಲ್ಲ. ಪೌಡರ್ ಡಬ್ಬಿಯನ್ನು ಟ್ರಂಕಿನ ತಳದಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟೆ. ನನ್ನ ಕಡೆಯ ಮಡಿಯಲ್ಲಿ ಬರೀ ಎರೆಮಣ್ಣು ಬಿರಿದುಕೊಂಡು ಬಿದ್ದಿತ್ತು. ಅವರು ಪ್ರತಿದಿನ ಬೆಳಿಗ್ಗೆ ಬಂದು ಮೊದಲು ಆ ಬರಿದಾದ ಮಡಿಯನ್ನು ನೋಡಿ, ಆಮೇಲೆ ತಮ್ಮ ಸಾಲಿಗೆ ನೀರು ಹಾಕುತ್ತಿದ್ದರು. ಒಂದು ದಿನ ನಮ್ಮ ಹಿತ್ತಲಿಗೂ ಬಂದರು, ನೀರಿನ ತೊಟ್ಟಿ ಸೋರುತ್ತದೋ ನೋಡುವ ನೆಪದಲ್ಲಿ. ತೊಟ್ಟಿ ನೋಡಲಿಲ್ಲ. ತೊಟ್ಟಿಯ ಹಿಂದೆ ನೋಡಿದರು.

ಸಂಕ್ರಾಂತಿ ಹತ್ತಿರವಾಯಿತು. ಬಿಳಿ ತೆನೆಗಳು ಏಳತೊಡಗಿದವು. ನಾನು ರಂಗೋಲಿ ಬಟ್ಟಲು ಹಿಡಿದು ಹೊರಗೆ ಬಂದವಳು ಗೋಡೆಯ ಆಚೆ ಕಣ್ಣು ಹಾಯಿಸಿ ಹಾಗೇ ನಿಂತೆ. ಸಾಲಿನ ನಡುವೆ ಒಂದು ತೆನೆಯ ಬಟ್ಟಲುಗಳ ತುದಿಗೆ ಕೆಂಪು ಏರುತ್ತಿತ್ತು. ಹಣೆಗೆ ಇಟ್ಟ ಕುಂಕುಮದಷ್ಟೇ.

ಅವರು ಚೀಲಗಳ ಗಂಟು ಹಿಡಿದು ಬಾಗಿಲು ದಾಟಿ ಬಂದರು. ಗಿಡ ನೋಡಿದರು. ಬಗ್ಗಿ ಗಿಣ್ಣು ಹಿಡಿದರು. ನನ್ನ ಬರಿ ಮಡಿಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ಈ ಸಲ ಕಣ್ಣು ಕೆಳಗಿಳಿಸಲಿಲ್ಲ. ಏನಾದರೂ ಹೇಳಲಿ ಎಂದು ಕಾದೆ. ಅವರು ಹಾಗೇ ಬಗ್ಗಿದ್ದವರು ನಿಧಾನವಾಗಿ ಕತ್ತು ತಿರುಗಿಸಿ ತಮ್ಮ ಮನೆಯ ಅಡುಗೆಮನೆಯ ಕಿಟಕಿಯ ಕಡೆ ನೋಡಿದರು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಎಷ್ಟು ಹೊತ್ತು ಎಂದು ಹೇಳಲಾರೆ, ಒಂದು ರೊಟ್ಟಿ ಹಂಚಿನ ಮೇಲೆ ಹೊತ್ತುವಷ್ಟು. ಆಮೇಲೆ ಮತ್ತೆ ಶುರುವಾಯಿತು.

ಅವರು ನೆಟ್ಟಗಾದರು. ಮೊಣಕಾಲಿನ ಮಣ್ಣು ಕೊಡವಿಕೊಂಡರು.

"ಬೀಜ ಮಣ್ಣಾಗ ಮಲಗಿರ್ತಾವ್ರಿ ಬಾಯಾರ," ಎಂದರು. "ಹಳೇವು. ಒಮ್ಮೊಮ್ಮೆ ಏಳ್ತಾವ."

ಸಾಲ್ವಿಯಾ ಮಣ್ಣಿನಡಿ ಮಲಗಿ ಏಳುವ ಬೀಜವಲ್ಲ. ಅದು ನನಗೆ ಗೊತ್ತಿತ್ತು. ಬಿತ್ತಿದ ತಟ್ಟೆಗೆ ಮಣ್ಣು ಹೊದಿಸದೆ ಬೆಳಕು ಹಾಯುವ ತೆಳು ಒದ್ದೆ ಅರಿವೆ ಮುಚ್ಚುತ್ತಿದ್ದ ಅವರಿಗೂ ಗೊತ್ತಿತ್ತು. ನಾನು ಕ್ಷಮೆಯ ಮಾತಿಗೆ ಕಾದಿದ್ದೆ. ಸಿಕ್ಕಿದ್ದು ಒಂದು ಸುಳ್ಳು. ಎಲ್ಲರ ಸುಳ್ಳನ್ನೂ ಹಿಡಿಯುವ ಮನುಷ್ಯ ಅಷ್ಟು ಹಸಿಯಾದ ಸುಳ್ಳನ್ನು ಯಾಕೆ ಹೇಳಿದರು ಎಂಬ ಅನುಮಾನ ಮಾತ್ರ ನನ್ನಲ್ಲಿ ಉಳಿಯಿತು. ಆ ಗಿಡವನ್ನು ಅವರು ಕೀಳಲಿಲ್ಲ. ಬಿಳಿಗಳಿಗೆಲ್ಲ ಟೊಪ್ಪಿಗೆ ತೊಡಿಸಿದರು. ಅದೊಂದು ಬರಿದಲೆಯಲ್ಲೇ ಶಿವರಾತ್ರಿಯವರೆಗೆ ನಿಂತಿತ್ತು.

ಮುಂದಿನ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗೋಡೆಯ ಮೇಲಿಂದ ಬಗ್ಗಿ, "ನಿಮ್ಮ ಕೆಂಪು ಹಾಕ್ರಿ," ಎಂದರು. "ಮಡಿ ಖಾಲಿ ಬಿದ್ರ ಮನಿ ಬಾಡಿಗಿಗೆ ಅದ ಅಂತ ಮಂದಿ ಕೇಳಾಕ ಬರ್ತಾರ. ಯಾರ್ಯಾರೋ ಬರ್ತಾರ."

ಅದು ಅವರ ಕ್ಷಮೆಯಾಗಿತ್ತೋ, ಬೇರೇನಾದರೂ ಲೆಕ್ಕಾಚಾರವೋ, ನನಗೆ ತಿಳಿಯಲಿಲ್ಲ. ನಾನು ಟ್ರಂಕಿನಿಂದ ಡಬ್ಬಿ ತೆಗೆದು ಬಿತ್ತಿದೆ. ತೆಳು ಒದ್ದೆ ಅರಿವೆ ಮುಚ್ಚಿದೆ. ದಿನಾ ಅರಿವೆ ಎತ್ತಿ ನೋಡಿದೆ. ತಟ್ಟೆಯ ಮಣ್ಣು ಹಾಗೇ ಇತ್ತು. ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದು ಮತ್ತೊಂದು ತಟ್ಟೆ ಬಿತ್ತಿದೆ. ಅದೂ ಅಷ್ಟೇ. ರಾಯಚೂರಿನ ಒಂದು ಬೇಸಿಗೆ ತಾಳುವ ಬೀಜ ಎರಡು ಬೇಸಿಗೆ ತಾಳಲಿಲ್ಲ. ಖಾಲಿ ಡಬ್ಬಿಯ ಮುಚ್ಚಳ ತೆಗೆದರೆ ಇನ್ನೂ ಪೌಡರಿನ ವಾಸನೆ ಇತ್ತು. ಕಾನ್ವೆಂಟಿನ ಅಂಗಳದಲ್ಲಿ ಸಿಮೆಂಟು, ನನ್ನ ತಟ್ಟೆಯಲ್ಲಿ ಬರೀ ಮಣ್ಣು.

ಮನೆಯವರಿಗೆ ಹೇಳಲಿಲ್ಲ. ಅವರೇ ಬಿಡು ಎಂದಿದ್ದರಲ್ಲ, ನೊಂದುಕೊಳ್ಳುತ್ತಿದ್ದರು. ಗೋಡೆಯ ಹತ್ತಿರ ಅಕ್ಕನಿಗೆ ಮಾತ್ರ ಹೇಳಿದೆ. ಸಿಸ್ಟರ್ ವಿಷಯವನ್ನೂ ಅಂದೇ ಹೇಳಿದ್ದು. ಅವರು ಬಾಯಿಗೆ ಸೆರಗು ಒತ್ತಿಕೊಂಡು ಕೇಳಿದರು. ಬಳಿಕ, "ಹೋಗಂಗಿಲ್ಲ ಬಿಡು ತಂಗೀ," ಎಂದರು. ನಾನು ಅದನ್ನು ಸುಮ್ಮನೆ ಸಮಾಧಾನದ ಮಾತು ಎಂದುಕೊಂಡೆ.

ಆ ಚಳಿಗಾಲವೂ ಬಿಳಿ ಸಾಲಿನ ನಡುವೆ ಒಂದು ಕೆಂಪು ಎದ್ದಿತು. ಸೊಂಟದೆತ್ತರ, ಕಪ್ಪು ಗಿಣ್ಣು. ಸಿಸ್ಟರ್ ಕೊಟ್ಟ ಜಾತಿಯಲ್ಲಿ ಜೀವಂತ ಉಳಿದಿದ್ದ ಒಂದೇ ಗಿಡ ನನ್ನ ಮೇಲೆ ಗುಮಾನಿ ಪಟ್ಟವರ ಅಂಗಳದಲ್ಲಿ ನಿಂತಿತ್ತು. ನಾನು ದಿನವೂ ಅದನ್ನು ನೋಡುತ್ತಿದ್ದೆ, ಕೇಳುವ ಧೈರ್ಯ ಇಲ್ಲ. ಅವರು ಯಾರಿಗೂ ಬೀಜ ಕೊಟ್ಟವರಲ್ಲ. ಫ್ಯಾಕ್ಟರಿಯ ಮಾಲಕರೇ ಕಾರು ಕಳಿಸಿ ಬಿಳಿಯ ಬೀಜ ಕೇಳಿದಾಗ, "ಈ ವರ್ಷ ಜಳ್ಳು ಬಂದಾವ," ಎಂದು ಹೇಳಿ ಕಳಿಸಿದ್ದರು. ಹೀಗಿರುವಾಗ ಒಂದು ದಿನ ನೋಡುತ್ತೇನೆ, ಆ ಕೆಂಪು ತೆನೆಗೂ ಒಂದು ಚೀಲ. ದಾರ ಮಾತ್ರ ಬೇರೆ, ಕೆಂಪು ದಾರ.

ಶಿವರಾತ್ರಿಯ ಮರುದಿನ ಮಾಲಕರು ನನ್ನನ್ನು ಗೋಡೆಯ ಹತ್ತಿರ ಕರೆದರು.

"ಕೈ ಹಿಡೀರಿ."

ಹಿಡಿದೆ. ಮೊದಲು ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತಿ ನೋಡಿದರು.

"ಹಸಿ ಅದ. ಒರಸ್ಕೋರಿ."

ಸೆರಗಿಗೆ ಒರೆಸಿಕೊಂಡೆ. ಹತ್ತಿಯ ಸಣ್ಣ ಉಂಡೆಯೊಂದನ್ನು ಇಟ್ಟರು. ಬಿಡಿಸಿದರೆ ನಡುವೆ ಕಂದು ಬೀಜ. ಅವರು ಅತ್ತಿತ್ತ ನೋಡಿದರು, ಓಣಿಯಲ್ಲಿ ಯಾರೂ ಇರಲಿಲ್ಲ.

"ನಿಮ್ದು ನಿಮಗ ಕೊಟ್ಟೀನಿ. ಯಾರಿಗೂ ಹಂಚಬ್ಯಾಡ್ರಿ, ಮಂದಿ ಛಲೋ ಇಲ್ಲ. ಮತ್ತ ಟ್ರಂಕಿನ್ಯಾಗ ಇಡಬ್ಯಾಡ್ರಿ, ಮಣ್ಣಿನ ಗಡಗಿಯಾಗ ಇಡ್ರಿ. ಬೂದಿ ಹಾಕಿ." ಹೊರಟವರು ತಿರುಗಿ ನಿಂತರು. "ಎಲ್ಲಾ ಕೊಟ್ಟಿಲ್ಲ. ಒಂದೀಟು ನಮ್ಮ ಮನ್ಯಾಗ ಇಟ್ಕೊಂಡೀನಿ. ನೀವು ಮತ್ತ ಕಳಕೊಂಡ್ರ?"

ಆಮೇಲಿನ ವರ್ಷಗಳಲ್ಲಿ ನನ್ನ ಮಡಿ ಕೆಂಪಾಯಿತು, ಅವರ ಸಾಲು ಬಿಳಿಯಾಗಿತ್ತು, ಅದರ ನಡುವೆ ಪ್ರತಿವರ್ಷ ಒಂದು ಕೆಂಪು ಇರುತ್ತಿತ್ತು. ಅದರ ಬಗ್ಗೆ ಅವರು ಮತ್ತೆ ಒಂದು ಮಾತೂ ಆಡಲಿಲ್ಲ. ಬೇರೆ ಎಲ್ಲದರ ಬಗ್ಗೆ ಆಡಿದರು. ರೇಡಿಯೋದ ಹವಾಮಾನದ ಸುದ್ದಿ, ನಮ್ಮ ಮನೆಗೆ ಬಂದ ಗ್ಯಾಸ್ ಸಿಲಿಂಡರು, ಇಂಜೆಕ್ಷನ್ನಿನ ಸೂಜಿ, ಎಲ್ಲದರ ಮೇಲೂ ಗುಮಾನಿ. ಹತ್ತಿಯ ಧೂಳು ಎದೆಗೆ ಸೇರಿ ಕೆಮ್ಮು ಹೆಚ್ಚಾದಾಗ ಡಾಕ್ಟರು ಕೊಟ್ಟ ಗುಳಿಗೆಯನ್ನು ಬೆರಳಲ್ಲಿ ಉಜ್ಜಿ, "ಇದರಾಗ ಸುಣ್ಣ ಬೆರಿಸ್ಯಾರ," ಎಂದು ಪಕ್ಕಕ್ಕಿಟ್ಟರಂತೆ. ಎಂಬತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಒಂದು ಯುಗಾದಿ ಕಳೆದ ಮೇಲೆ, ಅಂಗಳದ ಗಿಡಗಳೆಲ್ಲ ಬಿಸಿಲಿಗೆ ಒಣಗಿದ್ದ ಹೊತ್ತಿನಲ್ಲಿ, ತೀರಿಕೊಂಡರು. ಕೊನೆಯ ದಿನಗಳಲ್ಲಿ ಹೆಂಡತಿ ಕುಡಿಸಿದ ಗಂಜಿಯನ್ನು ಮಾತ್ರ ಬೆರಳು ಅದ್ದದೆ ಕುಡಿಯುತ್ತಿದ್ದರು. ನಾನು ಅದನ್ನು ಗಮನಿಸಿದ್ದೆ.

ಆ ವರ್ಷ ಮಾಲಕರು ಇಟ್ಟುಹೋಗಿದ್ದ ಬಿಳಿ ಬೀಜವನ್ನು ಅಕ್ಕ ತಾವೇ ಬಿತ್ತಿದರು. ಚೀಲ ಹೊಲಿದು ತಾವೇ ಕಟ್ಟಿದರು. ಸಂಕ್ರಾಂತಿಗೆ ಸಾಲು ಎದ್ದು ನಿಂತಿತು. ನಾನು ಗೋಡೆಯ ಹತ್ತಿರ ನಿಂತು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಮತ್ತೆ ನೋಡಿದೆ. ಪೂರ್ತಿ ಬಿಳಿ.

ಅಕ್ಕ ಹೊರಗೆ ಬಂದರು. ಹಣೆಯ ಮೇಲೆ ವಿಭೂತಿ ಮಾತ್ರ. ನಾನು ಏನು ಹುಡುಕುತ್ತಿದ್ದೇನೆಂದು ಅವರಿಗೆ ತಿಳಿಯಿತು.

"ಇಲ್ಲ ತಂಗೀ, ಈ ವರ್ಷ ಇಲ್ಲ. ನಾನೇ ಹಾಕಿಲ್ಲ."

ನಾನು ಗೋಡೆಗೆ ಇನ್ನೂ ಹತ್ತಿರ ಸರಿದೆ.

"ಮುತ್ತೈದಿ ಮನಿ ಮುಂದ ಬರೀ ಬಿಳೇದು ಹೆಂಗ ಇಡೂದು, ನೀನೇ ಹೇಳು. ಹೊಸ ಧೋತ್ರಕ್ಕ ಬೊಟ್ಟು ಇಡೂದಿಲ್ಲೇನು? ಹಂಗ. ಹೇಳಿದ್ರ ಕೇಳ್ತಿದ್ದಿಲ್ಲ, ಕಲಿ ಅಂತಿದ್ರು. ವರ್ಷಾ ಗ್ವಾಡಿ ಮ್ಯಾಲಿಂದ ಕೈ ಚಾಚಿ ನಿನ್ನ ಗಿಡದ ತೆನಿಯಿಂದ ಒಂದೀಟು ಬೀಜ ಉದರಿಸ್ಕೋತಿದ್ದೆ. ಬಚ್ಚಲ ಹಿಂದ ಒಡಕು ಗಡಗಿಯಾಗ ಸಸಿ ಮಾಡಿ, ಅವ್ರು ಜಿನ್ನಿಗೆ ಹೋದಾಗ ನಡಬರಕ ಒಂದು ಹಚ್ಚತಿದ್ದೆ. ನಿನಗ ಅಂದಾಗೆಲ್ಲ ನನ್ನ ಜೀವ ಹೋಗ್ತಿತ್ತು. ಬಾಯಿ ಬರ್ತಿದ್ದಿಲ್ಲ. ಅವ್ರು ಇರೂತನ ಆ ಗಿಡ ಇರ್ಬೇಕು ಅಂತ ಒಂದೇ ನನ್ನ ಹಟ."

"ಅವರಿಗೆ ಗೊತ್ತಿತ್ತೇನಕ್ಕಾ?"

ಅಕ್ಕ ಒಂದು ಚೀಲದ ದಾರ ಸಡಿಲವಾಗಿದ್ದನ್ನು ಬಿಗಿ ಮಾಡಿದರು.

"ಯಾರಿಗೆ ಗೊತ್ತು. ಆ ವರ್ಷ ನೀನು ಹಾಕಿದ್ದಿಲ್ಲ ನೋಡು, ಅವತ್ತು ಕಿಟಕಿ ಕಡಿ ನೋಡಿದ್ರು. ಕೇಳ್ತಾರ ಅಂದ್ಕೊಂಡೆ. ಒಳಗ ಬಂದು ಉಣ್ಣಾಕ ಕೂತ್ರು. ರೊಟ್ಟಿ ಹೊತ್ತಿತ್ತು, ಅದನ್ನೂ ಕೇಳಲಿಲ್ಲ." ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು. "ಈಗ ಬಿಳೇದು ಇದ್ರ ಏನ್ ತಪ್ಪದ? ಈಗ ಸರಿ ಆತು."

ಅವರ ದನಿಯಲ್ಲಿ ಅಳು ಇರಲಿಲ್ಲ. ಅದಕ್ಕೇ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುವರ್ಷ ದಸರೆಯ ಹೊತ್ತಿಗೆ ಅಕ್ಕ ತಂಗಿಯ ಮನೆಗೆಂದು ದೇವದುರ್ಗಕ್ಕೆ ಹೋಗಿದ್ದರು. ಸಾಲಿಗೆ ನೀರು ಹಾಕುವ ಕೆಲಸ ನನಗೆ ಬಿಟ್ಟಿದ್ದರು. ನಾನು ನೀರು ಹಾಕಿದೆ. ನನ್ನ ಮಡಿಯಿಂದ ಒಳ್ಳೆಯದೊಂದು ಸಸಿ ನೋಡಿ, ಬೇರಿಗೆ ಮಣ್ಣು ಉದುರದ ಹಾಗೆ ಎತ್ತಿ, ಬಿಳಿ ಸಾಲಿನ ನಡುವೆ ನೆಟ್ಟೆ. ನೆಟ್ಟ ಮೇಲೆ ತಲೆಯೆತ್ತಿ ಓಣಿಯ ಎರಡೂ ತುದಿ ನೋಡಿದೆ. ಯಾರೂ ಇರಲಿಲ್ಲ.

ಸಂಕ್ರಾಂತಿಯ ಮುಂಚೆ ಒಂದು ಬೆಳಿಗ್ಗೆ ಅಕ್ಕ ಚೀಲಗಳ ಗಂಟು ಹಿಡಿದು ಬಂದವರು ನಿಂತರು. ಬಗ್ಗಿದರು. ಗಿಣ್ಣನ್ನು ಹೆಬ್ಬೆರಳು ತೋರುಬೆರಳು ನಡುವೆ ಹಿಡಿದು ತಿರುಗಿಸಿದರು. ನನ್ನ ಮಡಿ ನೋಡಿದರು, ನನ್ನ ಕೈ ನೋಡಿದರು. ಥೇಟ್ ಮಾಲಕರದೇ ನೋಟ.

"ತಂಗೀ, ನಾ ಅರಿವಿ ಕಟ್ಟಿದ್ದೆ. ಇದು ಹೆಂಗ ಬಂತು?"

"ಬೀಜ ಮಣ್ಣಾಗ ಮಲಗಿರ್ತಾವಂತಕ್ಕಾ," ಎಂದೆ. "ಹಳೇವು. ಒಮ್ಮೊಮ್ಮೆ ಏಳ್ತಾವಂತ."

ಅಕ್ಕ ನನ್ನನ್ನೇ ನೋಡಿದರು. ನಂಬಲಿಲ್ಲ ಎಂಬುದು ಕಣ್ಣಲ್ಲೇ ಕಾಣುತ್ತಿತ್ತು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೆರಳಾಡಿಸಿ ಹುಡುಕಿ, ಒಂದು ತುಂಡು ಕೆಂಪು ದಾರ ತೆಗೆದರು.